ಚೂರಿಗೊಂದು ಒರೆ

ರಾಯಚೂರಿನಿಂದ ಮಾನ್ವಿಯ ಮಾರ್ಗವಾಗಿ ಸಿಂಧನೂರಿಗೆ ಹೋಗುವ ಹೆದ್ದಾರಿಯಲ್ಲಿ, ಸಿಂಧನೂರು ಇನ್ನೇನು ಬಂತು ಎನ್ನುವಾಗ ಜವಳಗೇರಾ ಎಂಬ ಊರು ಸಿಗುತ್ತದೆ. ಬಸ್ಸಿನ ಕಿಟಕಿಯಿಂದ ಇಣುಕಿದವರಿಗೆ ಮಾರ್ಗದ ಎರಡು ಬದಿಗೂ ಭತ್ತದ ಗದ್ದೆಗಳು ಕಾಣುತ್ತವೆ. ಗದ್ದೆಯ ಬದುವಿನ ಮೇಲೆ ಧ್ಯಾನಕ್ಕೆ ನಿಂತ ಬೆಳ್ಳಕ್ಕಿಗಳು ಕಾಣುತ್ತವೆ. ಈ ಹಸಿರು ಬಹಳ ಹಳೆಯದೇನಲ್ಲ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆ ಈ ಎರೆಭೂಮಿಗೆ ನೀರು ತರುವುದಕ್ಕೆ ಮುಂಚೆ ಇದು ಬಿಳಿಜೋಳದ ಸೀಮೆಯಾಗಿತ್ತು. ನೀರು ಬಂದ ಮೇಲೆ ಜೋಳ ಹಿಂದೆ ಸರಿಯಿತು, ಭತ್ತ ಮುಂದೆ ಬಂತು. ಆದರೆ ಹೊಲ ಬದಲಾದಷ್ಟು ಬೇಗ ನಾಲಗೆ ಬದಲಾಗುವುದಿಲ್ಲ. ಭತ್ತ ಬೆಳೆಯುವ ಮನೆಗಳಲ್ಲಿಯೂ ಬೆಳಗಾದರೆ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಬೇಕು. ಕೇಳದಿದ್ದರೆ ಆ ಮನೆಯಲ್ಲಿ ಏನೋ ಆಗಿದೆ ಎಂದು ನೆರೆಯವರು ತಿಳಿಯುತ್ತಾರೆ.

ಕೆಲವು ವರ್ಷಗಳ ಹಿಂದೆ ಆ ಊರಿನ ಒಂದು ಮನೆಯಲ್ಲಿ ಆ ಸದ್ದು ಹದಿನೈದು ದಿನ ನಿಂತುಹೋಯಿತು. ಕಾರಣ ಒಂದು ಚೂರಿ.

ಮನೆಯ ಯಜಮಾನ ನಾಲ್ಕೆಕರೆಯ ರೈತ. ಮನೆಯಲ್ಲಿ ಮುದಿ ತಾಯಿ, ಹೆಂಡತಿ, ಮೂರು ವರ್ಷದ ಮಗಳು. ಗೊಬ್ಬರ ಕೊಳ್ಳಲು ಸಿಂಧನೂರಿಗೆ ಹೋದವನು ರಸ್ತೆಯ ಬದಿಯಲ್ಲಿ ಹರವಿದ್ದ ಸಾಮಾನುಗಳ ನಡುವೆ ಆ ಚೂರಿಯನ್ನು ಕಂಡ. ಐದಂಗುಲದ ಅಲಗು, ಮರದ ಹಿಡಿ, ಹಿಡಿಗೆ ಎರಡು ಹಿತ್ತಾಳೆಯ ಗುಬ್ಬಿಮೊಳೆ. ಮಡಚುವ ಚೂರಿಯಲ್ಲ, ಅಲಗಿನ ಬಾಲ ಹಿಡಿಯೊಳಕ್ಕೆ ಹೊಕ್ಕು ಗಟ್ಟಿಯಾಗಿ ನಿಂತದ್ದು. ಮಡಚುವ ಚೂರಿಗೆ ಕೆಸರು ಹೊಕ್ಕರೆ ಅದರ ಬಾಯಿ ಕಟ್ಟಿಹೋಗುತ್ತದೆಂಬುದನ್ನು ಗದ್ದೆಯಲ್ಲಿ ಕೆಲಸ ಮಾಡುವವರು ಬಲ್ಲರು. ಬೆಲೆ 150 ರೂಪಾಯಿ. ಚೌಕಾಶಿ ಮಾಡುವ ಗೋಜಿಗೂ ಹೋಗದೆ ಕೊಂಡುತಂದ.

ಅಗ್ಗದ ಸಾಮಾನಾದರೂ ಅದು ಒಳ್ಳೆಯ ಚೂರಿಯೇ ಆಗಿತ್ತು. ಹಿಡಿ ಸ್ವಲ್ಪ ಅಲುಗುತ್ತಿದ್ದುದನ್ನು ಕಮ್ಮಾರನಲ್ಲಿಗೆ ಒಯ್ದು ಮೊಳೆ ಬಿಗಿಸಿದ. ಸಾಣೆಕಲ್ಲಿನ ಮೇಲೆ ಎರಡು ಸಂಜೆ ಕುಳಿತು ಅಲಗನ್ನು ಮಸೆದ. ಆಮೇಲೆ ಅದು ಗೊಬ್ಬರದ ಚೀಲದ ಬಾಯಿ ಬಿಚ್ಚಿತು, ಹಗ್ಗ ಕತ್ತರಿಸಿತು, ಕಾಲುವೆಯ ಜೊಂಡು ಸವರಿತು, ಬೆಳಗ್ಗೆ ಬೇವಿನ ಕಡ್ಡಿಯನ್ನೂ ಕೊಯ್ದುಕೊಟ್ಟಿತು. ಕೆಟ್ಟದಾಗಿದ್ದದ್ದು ಅದರೊಡನೆ ಬಂದ ಒರೆ. ರಟ್ಟಿನ ಮೇಲೆ ರೆಕ್ಸಿನ್ ಅಂಟಿಸಿದ್ದ ಆ ಒರೆ ಎರಡು ಸಲ ನೀರು ಕಂಡೊಡನೆ ಮೆತ್ತಗಾಯಿತು. ಎಂಟನೆಯ ದಿನ ಚೂರಿಯ ಮೊನೆ ಅದರ ತಳವನ್ನು ಸೀಳಿಕೊಂಡು ಹೊರಬಂತು. ರೈತ ಅದನ್ನು ಎಸೆದು, ಚೂರಿಗೆ ಹಳೆಯ ಬಟ್ಟೆಯೊಂದನ್ನು ಸುತ್ತಿ ಬುತ್ತಿಯ ಚೀಲದಲ್ಲಿ ಇಟ್ಟುಕೊಳ್ಳತೊಡಗಿದ.

ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಒಂದು ಸಂಜೆ ಹೆಂಡತಿ ಬುತ್ತಿಯ ಗಂಟನ್ನು ತೆಗೆಯಲು ಚೀಲದೊಳಕ್ಕೆ ಕೈಹಾಕಿದಳು. ಬಟ್ಟೆ ಎಂದೋ ಜಾರಿತ್ತು. ಬಲ ಅಂಗೈ ಅಡ್ಡಲಾಗಿ ಸೀಳಿತು. ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಹಾಕಿ, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು, ಹದಿನೈದು ದಿನ ಕೈಗೆ ನೀರು ಸೋಕಿಸಬಾರದೆಂದು ಹೇಳಿ ಕಳಿಸಿದರು.

ರೊಟ್ಟಿಯನ್ನು ಲಟ್ಟಣಿಗೆಯಿಂದ ಒತ್ತುವವರೂ ಇದ್ದಾರೆ. ಆದರೆ ಆ ಮನೆಯಲ್ಲಿ ಅದು ರೊಟ್ಟಿಯೆನಿಸಿಕೊಳ್ಳುತ್ತಿರಲಿಲ್ಲ. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಕುದಿನೀರಿನಲ್ಲಿ ನಾದಿದ ಹಿಟ್ಟನ್ನು ಅಂಗೈಯ ಪೆಟ್ಟಿಗೆ ತಿರುಗಿಸುತ್ತ ತಿರುಗಿಸುತ್ತ ಹರಡಬೇಕು. ಪೆಟ್ಟು ಹೆಚ್ಚಾದರೆ ಹರಿಯುತ್ತದೆ, ಕಡಮೆಯಾದರೆ ದಪ್ಪಗಾಗುತ್ತದೆ. ಅತ್ತೆಗೆ ಹೆಗಲುನೋವು, ಕೈ ಏಳದು. ರೈತನೇ ಒಂದು ದಿನ ಒಲೆಯ ಮುಂದೆ ಕುಳಿತ. ಅವನು ಬಡಿದ ಮೊದಲ ರೊಟ್ಟಿ ಭೂಪಟದಂತಾಯಿತು, ಎರಡನೆಯದು ದ್ವೀಪಸಮೂಹವಾಯಿತು. ಹೆಂಡತಿ ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು ನಕ್ಕಳು. ತಾಯಿ ಮಾತ್ರ ನಗಲಿಲ್ಲ.

“ತಪ್ಪು ಚೂರೀದಲ್ಲಪ್ಪ,” ಎಂದಳು. “ಬತ್ತಲಿ ಚೂರಿ ಮನಿಯಾಗ ಇಟ್ಟ ನಿಂದು. ಕೂಸು ಕೈ ಹಾಕಿದ್ರ ಏನಾಗ್ತಿತ್ತು? ಮೊದಲು ಅದಕ್ಕೊಂದು ಒರಿ ಮಾಡಿಸು.”

ಒರೆ ಎಂಬುದು ಚಿಕ್ಕ ಮಾತು. ಆದರೆ ಅದರ ಸಂಸಾರ ದೊಡ್ಡದು. ಅಲಗನ್ನು ಮುಚ್ಚಿಡುವ ಕೋಶ ಒರೆ. ಚಿನ್ನವನ್ನು ಕಲ್ಲಿಗೆ ಉಜ್ಜಿ ನೋಡುವುದು ಒರೆಗೆ ಹಚ್ಚುವುದು. ಹಳಗನ್ನಡದ ಕವಿಗಳಿಗೆ ಒರೆ ಎಂದರೆ ಹೇಳು ಎಂದೂ ಅರ್ಥ. ಕತ್ತಿಯ ಒರೆಗೆ ಆಗ ಶಕಟರೇಫವಿತ್ತು. ಉಳಿದೆರಡಕ್ಕೆ ಸಾಮಾನ್ಯ ರೇಫ. ಆ ಅಕ್ಷರ ಬಳಕೆಯಿಂದ ಬಿದ್ದುಹೋದ ಮೇಲೆ ಮುಚ್ಚುವುದು, ಪರೀಕ್ಷಿಸುವುದು, ನುಡಿಯುವುದು ಈ ಮೂರೂ ಒಂದೇ ರೂಪವನ್ನು ತಳೆದು ನಿಂತಿವೆ.

ಒರೆಯೂ ಬಹಳ ಪ್ರಾಚೀನವಾದುದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು 5300 ವರ್ಷಗಳ ಹಿಂದೆ ಸತ್ತ ಮನುಷ್ಯನೊಬ್ಬನ ದೇಹ ಸಿಕ್ಕಿತು. ಅವನ ಬಳಿ ಚಕಮಕಿ ಕಲ್ಲಿನ ಪುಟ್ಟ ಚೂರಿಯಿತ್ತು. ಅದಕ್ಕೆ ಮರದ ನಾರಿನಿಂದ ಹೆಣೆದ ಒರೆಯಿತ್ತು. ನಮ್ಮ ಕೊಡಗಿನಲ್ಲಿ ಪೀಚೆಕತ್ತಿ ಬೆಳ್ಳಿಯ ಕುಸುರಿಯ ಒರೆಯಲ್ಲಿ ನಡುವಿನ ಮುಂದೆ ಮೆರೆಯುತ್ತದೆ. ಒಡಿಕತ್ತಿ ಬೆನ್ನ ಹಿಂದೆ ಲೋಹದ ತೊಡಂಗಿನಲ್ಲಿ ನಿಲ್ಲುತ್ತದೆ. ಜವಳಗೇರಾಕ್ಕೆ ದೂರವಲ್ಲದ ಮಸ್ಕಿಯ ಹೆಸರು, 1915ರಲ್ಲಿ ಸಿಕ್ಕ ಅಶೋಕನ ಶಾಸನದಿಂದಾಗಿ ಎಲ್ಲರಿಗೂ ಗೊತ್ತು. ಅದೇ ಮಸ್ಕಿಯಲ್ಲಿ 1954ರಲ್ಲಿ ಅಗೆದಾಗ ಕೆಳಗಿನ ಪದರದಲ್ಲಿ ಕಲ್ಲಿನ ಸಣ್ಣ ಅಲಗುಗಳೂ ಅದರ ಮೇಲಣ ಪದರದಲ್ಲಿ ಕಬ್ಬಿಣವೂ ದೊರೆತವು. ಅಲಗುಗಳು ಉಳಿದುಬಂದಿವೆ. ಅವುಗಳಿಗೆ ತೊಗಲಿನ ಹೊದಿಕೆ ಇದ್ದಿದ್ದರೆ ಅದು ಮಣ್ಣಿನಲ್ಲಿ ಮಣ್ಣಾಗಿದೆ. ತೊಗಲು ಉಳಿಯುವುದಿಲ್ಲ, ತೊಗಲಿನ ಕೆಲಸ ಮಾಡಿದವರ ನೆನಪೂ ಹಾಗೆಯೇ.

ಸಿದ್ಧ ಒರೆಗಾಗಿ ರೈತ ಸಿಂಧನೂರಿನ ಅಂಗಡಿಗಳನ್ನು ಸುತ್ತಿದ. ಒಂದು ಸಡಿಲ, ಒಂದು ಬಿಗಿ. ಇನ್ನೊಂದು ಪ್ಲಾಸ್ಟಿಕ್ಕಿನದು, ಅಲಗು ಅದರೊಳಗೆ ಗಿಲಕಿಯಂತೆ ಸದ್ದು ಮಾಡುತ್ತಿತ್ತು. ಒರೆ ಚೂರಿಯನ್ನು ನೋಡಿಕೊಂಡೇ ಹುಟ್ಟಬೇಕಾದ ವಸ್ತು ಎಂಬುದು ಅವನಿಗೆ ಆಗ ಹೊಳೆಯಿತು. ಊರಿನ ಬಸ್ಸು ನಿಲ್ಲುವ ಜಾಗದಲ್ಲಿ ಮರದ ನೆರಳಿಗೆ ಕುಳಿತು ಚಪ್ಪಲಿ ರಿಪೇರಿ ಮಾಡುವ ಮುದುಕನ ನೆನಪಾಯಿತು.

ಆ ಮುದುಕನಿಗೂ ಈ ಮನೆಗೂ ಹಳೆಯ ಸಂಬಂಧ. ಬಾವಿಯಿಂದ ಎತ್ತುಗಳು ನೀರೆಳೆಯುತ್ತಿದ್ದ ಕಾಲದಲ್ಲಿ ರೈತನ ಅಜ್ಜನ ಕಪಿಲೆಗೆ ತೊಗಲಿನ ಚೀಲ ಹೊಲಿದುಕೊಟ್ಟವನು ಈ ಮುದುಕನ ತಂದೆ. ಮಿಣಿ, ಬಾರುಕೋಲು, ಎತ್ತಿನ ಕೊರಳಪಟ್ಟಿ, ಮನೆಯವರೆಲ್ಲರ ಕಾಲಿನ ಕೆರ, ಎಲ್ಲವೂ ಆ ಕೈಯಿಂದಲೇ ಬರುತ್ತಿದ್ದವು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದ ಮೇಲೆ ಆಯ. ಬಡಿಗ, ಕಮ್ಮಾರ, ಕುಂಬಾರ, ಅಗಸ ಎಲ್ಲರಿಗೂ ಇಷ್ಟಿಷ್ಟು ಸೇರು ಎಂದು ಇದ್ದಂತೆ ಇವರಿಗೂ ಇತ್ತು. ಕಾಲುವೆ ಬಂದು ಕಪಿಲೆ ನಿಂತಿತು, ಟ್ರ್ಯಾಕ್ಟರು ಬಂದು ಮಿಣಿ ನಿಂತಿತು, ಕೊಯ್ಲಿನ ಯಂತ್ರ ಬಂದು ಕಣವೇ ಇಲ್ಲವಾಯಿತು. ಕಣ ಹೋದ ಮೇಲೆ ಆಯವೂ ಹೋಯಿತು. ಅದು ನಿಂತ ವರ್ಷ ಯಾವುದೆಂದು ಕೊಡುವವರ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಕೊಳ್ಳುವವರ ಮನೆಯಲ್ಲಿ ನೆನಪಿದ್ದಿರಬೇಕು.

ಮುದುಕ ಚೂರಿಯನ್ನು ತೆಗೆದುಕೊಂಡು ಹೊರಳಿಸಿ ನೋಡಿದ. ಹೆಬ್ಬೆರಳಿನ ಉಗುರಿನ ಮೇಲೆ ಅಲಗನ್ನಿಟ್ಟು ಹರಿತವನ್ನು ಪರೀಕ್ಷಿಸಿದ. ಬಳಿಕ ಪ್ರಶ್ನೆಗಳು ಬಂದವು.

“ಯಾವ ಕೈಲೆ ಹಿಡಿತೀರಿ ಧಣಿ? ಉಡಿದಾರಕ್ಕ ಸಿಗಿಸ್ತೀರೋ, ಬೆಲ್ಟಿಗೋ? ಕುಂತು ಕೆಲಸ ಮಾಡೋದು ಜಾಸ್ತಿನೋ, ಬಗ್ಗಿ ಮಾಡೋದೋ? ಮನಿಯಾಗ ಸಣ್ಣ ಕೂಸು ಅದಾವೇನು?”

ಬಗ್ಗಿ ನಾಟಿ ಮಾಡುವವನ ಒರೆ ಉದ್ದವಾಗಿದ್ದರೆ ತೊಡೆಗೆ ಚುಚ್ಚುತ್ತದೆ. ಕೂಸಿರುವ ಮನೆಯ ಒರೆಗೆ ಹಿಡಿಯನ್ನು ಬಿಗಿಯುವ ಪಟ್ಟಿ ಬೇಕು. ನೂರಾರು ರೂಪಾಯಿಯ ಬಟ್ಟೆ ಹೊಲಿಸುವಾಗಲೂ ರೈತನನ್ನು ಯಾರೂ ಇಷ್ಟು ವಿಚಾರಿಸಿರಲಿಲ್ಲ. ಅವನಿಗೆ ಸಂತೋಷವಾಯಿತು. ಆ ಸಂತೋಷದಲ್ಲಿ ಹಳೆಯ ಬಾಯಿಮಾತೊಂದು ತಾನಾಗಿಯೇ ಹೊರಬಿದ್ದಿತು.

“ಚಲೋತ್ನಾಗಿ ಮಾಡಿಕೊಡು ತಾತ. ಸುಗ್ಗಿಗೆ ಆಯದಾಗ ನೋಡಿಕೊಳ್ಳೋಣ. ಎರಡು ಸೇರು ಹೆಚ್ಚಿಗೇನೇ ಹಾಕ್ತೀನಿ.”

ಮುದುಕ ತಲೆ ತಗ್ಗಿಸಿದ. ಅಲ್ಲಿಯೇ ಪಕ್ಕದಲ್ಲಿ ಪುಸ್ತಕ ಹಿಡಿದು ಕುಳಿತಿದ್ದ ಮೊಮ್ಮಗ ತಲೆಯೆತ್ತಿದ. ಸಿಂಧನೂರಿನ ಕಾಲೇಜಿನಲ್ಲಿ ಬಿ.ಎ. ಓದುವ ಹುಡುಗ, ಮಾತಿನಲ್ಲಿ ಒರಟುತನವಿರಲಿಲ್ಲ.

“ಆಯ ಬ್ಯಾಡ್ರಿ. 450 ರೂಪಾಯಿ ಆಗ್ತದ.”

“ಚೂರಿಗೆ 150, ಒರಿಗೆ 450 ಏನಪ್ಪಾ?”

“ಚೂರಿ ಮಿಷಿನ್ ಮಾಡ್ಯದರಿ. ಒರಿ ನಮ್ಮ ತಾತ ಮಾಡ್ತಾನ. ಎರಡು ದಿನದ ಕೆಲಸ. ನಿಮ್ಮ ಗದ್ದಿಗೆ ಎರಡು ದಿನ ಕೂಲಿಗೆ ಕರದ್ರ ಏನು ಕೊಡ್ತೀರಿ, ನೀವೇ ಹೇಳ್ರಿ.”

ರೈತನ ಬಳಿ ಉತ್ತರವಿರಲಿಲ್ಲ. ನೋಡೋಣ ಎಂದು ಚೂರಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದ.

ಮನೆಯಲ್ಲಿ ಅದನ್ನು ಒಂದು ತಮಾಷೆಯ ಸಂಗತಿಯಂತೆ ಹೇಳಿದ. ಕುದುರೆಗಿಂತ ಜೀನು ದುಬಾರಿಯಾಯಿತೆಂದು ನಗಾಡಿದ. ತಾಯಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ಯಾರನ್ನೂ ನೋಡದೆ, ಕಣದ ಮಾತೆತ್ತಿದಳು. ಆ ಮುದುಕನ ತಂದೆ ಕಣದ ಅಂಚಿನಲ್ಲಿ ವಲ್ಲಿ ಹಾಸಿ ಕೂಡುತ್ತಿದ್ದ. ಬಡಿಗನಿಗೂ ಕಮ್ಮಾರನಿಗೂ ಕೈಗೆ ಕೊಡುತ್ತಿದ್ದ ಮೊರವನ್ನು ಅವನ ಮುಂದೆ ನಿಂತವರು ಎದೆಯೆತ್ತರಕ್ಕೆ ಹಿಡಿದು ಸುರಿಯುತ್ತಿದ್ದರು. ಮೊರವಾಗಲಿ ಕೈಯಾಗಲಿ ವಲ್ಲಿಗೆ ಸೋಕಬಾರದು. ಅಷ್ಟೆತ್ತರದಿಂದ ಬಿದ್ದ ಜೋಳ ವಲ್ಲಿಯೊಳಗೆ ನಿಲ್ಲುವುದೇ? ಸುತ್ತಲೂ ಸಿಡಿಯುತ್ತಿತ್ತು.

“ಚೆಲ್ಲಿದ ಕಾಳು ಒಂದೊಂದೇ ಆರಿಸಿಕೊಳ್ಳೋನು. ನಾ ಬಾಜೂಕ ನಿಂತು ನೋಡೀನಿ. ಹೊಸ್ದಾಗಿ ನಡಿಯಾಕ ಬಂದಿದ್ದೆ. ಏನೂ ಅನಸಿರಲಿಲ್ಲ ನನಗ ಆವಾಗ.”

1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರಲ್ಲಿ ಅದನ್ನು ದಂಡನೀಯ ಅಪರಾಧವನ್ನಾಗಿಸುವ ಕಾಯಿದೆಯೂ ಬಂತು. ಆದರೆ ಮೊರಕ್ಕೂ ವಲ್ಲಿಗೂ ನಡುವಣ ಆ ಎರಡು ಮೊಳದ ಅಂತರ ಅದರ ಬಳಿಕವೂ ಎಷ್ಟೋ ಸುಗ್ಗಿಗಳನ್ನು ಕಂಡಿತು. ಆಯ ಎಂಬ ಮಾತು ಕೇಳಿ ಆ ಹುಡುಗ ತಲೆಯೆತ್ತಿದ್ದು ಏಕೆಂಬುದು ಆ ರಾತ್ರಿ ರೈತನಿಗೆ ಅರ್ಥವಾಯಿತು. ಬೆಳಗ್ಗೆ ಅವನು ಚೂರಿ ಹಿಡಿದು ಹೊರಟಾಗ ಹೆಂಡತಿಯೂ ಮಗಳನ್ನು ಕರೆದುಕೊಂಡು ಜೊತೆಗೆ ಬಂದಳು.

ಮುದುಕ ಅವಳ ಕೈಯ ಕಟ್ಟನ್ನು ನೋಡಿದ. ಎಷ್ಟು ಹೊಲಿಗೆ ಎಂದು ಕೇಳಿದ. ಮೂರು ಎಂದಳು.

“ಮೂರು ಡಾಕ್ಟರ್ ಹಾಕ್ಯಾರ. ಉಳಿದ ಮೂವತ್ತಾರು ನಾ ಹಾಕ್ತೀನಿ, ತಾಯಿ. ಇನ್ನ ಅದು ಯಾರನ್ನೂ ಕಡಿಯಾಂಗಿಲ್ಲ.”

ಮೊಮ್ಮಗ ಮನೆಯಿಂದ ಒಂದು ಸುರುಳಿ ತಂದ. ಬಿಚ್ಚಿದರೆ ಜೇನುಬಣ್ಣದ ಎತ್ತಿನ ತೊಗಲು. ಅದು ಅಂಗಡಿಯ ತೊಗಲಲ್ಲ. ಕಾರ್ಖಾನೆಯಲ್ಲಿ ಕ್ರೋಮಿಯಂ ಲವಣದಿಂದ ಬೇಗನೆ ಹದವಾಗುವ ತೊಗಲು ಮೆತ್ತಗಿರುತ್ತದೆ, ಬಾಳಿಕೆಯೂ ಬರುತ್ತದೆ. ಆದರೆ ನೆನೆಸಿ ಒತ್ತಿದ ಆಕಾರವನ್ನು ಚೆನ್ನಾಗಿ ಹಿಡಿದುಕೊಳ್ಳುವುದಿಲ್ಲ. ಈ ತೊಗಲನ್ನು ಮುದುಕನ ತಂದೆ ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ತೆಗೆದು, ತಂಗಡಿಯ ತೊಗಟೆ ಮತ್ತು ಅಣಲೆಕಾಯಿಯ ರಸದಲ್ಲಿ ವಾರಗಟ್ಟಲೆ ಇಟ್ಟು ಹದ ಮಾಡಿದ್ದ. ಆ ಕೆಲಸವನ್ನು ಅವನ ಬಳಿಕ ಆ ಮನೆಯಲ್ಲಿ ಯಾರೂ ಮಾಡಿಲ್ಲ. ಸುರುಳಿಯಲ್ಲಿ ಉಳಿದದ್ದು ಮೊಳದಷ್ಟು.

ಹಳೆಯ ಕ್ಯಾಲೆಂಡರಿನ ಹಾಳೆಯ ಮೇಲೆ ಚೂರಿಯನ್ನಿಟ್ಟು ಮುದುಕ ಸುತ್ತಲೂ ಗೆರೆ ಎಳೆದ. ಹೊಲಿಗೆಗೆಂದು ಬೆರಳಗಲ ಹೆಚ್ಚಿಗೆ ಬಿಟ್ಟ. ರಂಪಿಗೆಯಿಂದ ತೊಗಲನ್ನು ಕೊಯ್ದು ನೀರಿನಲ್ಲಿ ಮುಳುಗಿಸಿದ. ಗುಳ್ಳೆಗಳು ಏಳುವುದು ನಿಂತಾಗ ತೊಗಲು ತಣಿಯಿತೆಂದು ಲೆಕ್ಕ. ಅಲಗಿಗೆ ಔಡಲೆಣ್ಣೆ ಸವರಿ, ಹಾಲಿನ ಪ್ಯಾಕೆಟ್ಟನ್ನು ಸುತ್ತಿ, ಒದ್ದೆ ತೊಗಲನ್ನು ಅದರ ಮೇಲೆ ಮಡಚಿ, ಎಮ್ಮೆಯ ಕೊಂಬಿನ ತುಂಡಿನಿಂದ ಉಜ್ಜುತ್ತ ಉಜ್ಜುತ್ತ ಅಲಗಿನ ಏರು ಇಳಿವುಗಳನ್ನೆಲ್ಲ ಮೂಡಿಸಿದ. ಬಿಸಿಲಿಗೆ ಇಡಲಿಲ್ಲ, ರಾಯಚೂರು ಸೀಮೆಯ ಬಿಸಿಲಿಗೆ ಒದ್ದೆ ತೊಗಲು ಬಿರಿಯುತ್ತದೆ. ಒಂದು ರಾತ್ರಿ ನೆರಳಿನಲ್ಲಿ ಒಣಗಿದ ಮೇಲೆ ಅದು ಕಟ್ಟಿಗೆಯಂತೆ ಗಡುಸಾಗಿ, ಚೂರಿಯ ಅಚ್ಚಾಗಿ ನಿಂತಿತ್ತು.

ಹೊಲಿಯುವುದಕ್ಕೆ ಮುಂಚೆ ಎರಡು ಪದರಗಳ ಅಂಚಿನ ನಡುವೆ ತೊಗಲಿನ ಒಂದು ಸಣ್ಣ ಪಟ್ಟಿಯನ್ನು ಇಟ್ಟ. ಆ ಪಟ್ಟಿ ಇಲ್ಲದ ಒರೆಯಲ್ಲಿ ಅಲಗು ಹೋಗಿ ಬಂದು ದಾರವನ್ನೇ ಕೊಯ್ದುಹಾಕುತ್ತದೆ. ಅಲಗಿನ ಬಾಯಿಗೆ ಸಿಗುವುದು ಆ ಪಟ್ಟಿ. ದಾರ ಅದರ ಹಿಂದೆ ಸುರಕ್ಷಿತ. ಉಳಿಯಿಂದ ರಂಧ್ರ ಮಾಡುತ್ತ, ಮೇಣ ಹಚ್ಚಿದ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಪ್ರತಿಯೊಂದು ರಂಧ್ರದಲ್ಲಿ ಎರಡೂ ಕಡೆಯಿಂದ ದಾಟಿಸಿದ. ಯಂತ್ರದ ಹೊಲಿಗೆಯಲ್ಲಿ ಒಂದೆಡೆ ದಾರ ಕಡಿದರೆ ಸಾಲು ಬಿಚ್ಚಿಕೊಳ್ಳುವುದುಂಟು. ಇದರಲ್ಲಿ ಒಂದು ಕಡಿದರೆ ಇನ್ನೊಂದು ಹಿಡಿದಿರುತ್ತದೆ. ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗುಂಟ ಎಂದು ಈ ಕಸುಬಿನ ಸಲಕರಣೆಗಳೇ ಬರುತ್ತವೆ. ಆ ಚೆನ್ನಯ್ಯನನ್ನು ಬಸವಣ್ಣ ತನ್ನ ವಂಶದ ಹಿರಿಯನೆಂದು ಹೆಮ್ಮೆಯಿಂದ ಹೇಳಿಕೊಂಡ. ಆ ಸಲಕರಣೆಗಳು ಬದಲಾಗದೆ ಜವಳಗೇರಾದ ಮರದ ನೆರಳಿನವರೆಗೆ ಬಂದಿದ್ದವು.

ಮೂವತ್ತಾರು ಹೊಲಿಗೆ ಮುಗಿದವು. ಮುದುಕ ಎಣ್ಣೆ, ಮೇಣ ಬೆರೆಸಿ ಉಜ್ಜಿದ. ಹಿಡಿಯನ್ನು ಬಿಗಿಯುವ ಪಟ್ಟಿಗೆ ಒತ್ತುಗುಂಡಿ ಹಾಕಿದ. ಚೂರಿಯನ್ನು ಒಳಗಿಟ್ಟು, ಪಟ್ಟಿ ಬಿಗಿಯದೆ, ತಲೆಕೆಳಗು ಹಿಡಿದು ಜೋರಾಗಿ ಕೊಡವಿದ. ಬೀಳಲಿಲ್ಲ. ಹೆಬ್ಬೆರಳಿನಿಂದ ಒರೆಯ ಬಾಯಿಯನ್ನು ಒತ್ತಿದೊಡನೆ ಮೆಲ್ಲನೆ ಹೊರಬಂತು.

“ಕೆಲಸ ಮುಗಿದ ಮ್ಯಾಲೆ ಒರಸಿ ಇಡ್ರಿ. ಹಸಿ ಅಲಗು ಒಳಗಿಟ್ರ ಜಂಗು ಹಿಡೀತದ. ಮಳಿಗಾಲದಾಗ ರಾತ್ರಿ ಹೊರಗ ತಗದು ಎತ್ತರದಾಗ ಇಡ್ರಿ,” ಎಂದು ಹೇಳಿದ.

ರೈತ ಜೇಬಿಗೆ ಕೈಹಾಕಿದ. ಹೆಂಡತಿ ಅವನಿಂದ ಹಣವನ್ನು ತೆಗೆದುಕೊಂಡಳು. ಮುದುಕ ಹೆಗಲಿನ ವಲ್ಲಿಯನ್ನು ತೆಗೆದು ತೊಡೆಯ ಮೇಲೆ ಹರವಿದ. ಅವನ ಕೈಗಳಿಗೆ ಅದು ಎಷ್ಟೋ ವರ್ಷಗಳ ಅಭ್ಯಾಸ; ಕೊಡುವವರು ಮುಂದೆ ನಿಂತರೆ ವಲ್ಲಿ ತಾನಾಗಿ ಹಾಸಿಕೊಳ್ಳುತ್ತದೆ. ಮೊಮ್ಮಗ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಅವಳು ಹಣವನ್ನು ವಲ್ಲಿಯ ಮೇಲೆ ಹಾಕಲಿಲ್ಲ. ಕುಕ್ಕರುಗಾಲಿನಲ್ಲಿ ಅವನ ಸಮಕ್ಕೆ ಕುಳಿತಳು. ಬಲಗೈಗೆ ಕಟ್ಟು, ಬರಿಯ ಎಡಗೈಯಿಂದ ಕೊಡುವುದು ಮರ್ಯಾದೆಯಲ್ಲ. ಆದ್ದರಿಂದ ಎರಡೂ ಕೈ ಕೂಡಿಸಿ ಹಿಡಿದಳು.

“ಕೈ ಕೊಡು ತಾತ,” ಎಂದಳು.

ಮುದುಕ ಒಂದು ಕ್ಷಣ ಮೊಮ್ಮಗನ ಮುಖ ನೋಡಿದ. ಬಳಿಕ ಉಳಿಯ ಪೆಟ್ಟಿನಿಂದ ಜಡ್ಡುಗಟ್ಟಿದ ಅಂಗೈಯನ್ನು ಚಾಚಿದ. 450 ರೂಪಾಯಿ ಕೈಯಿಂದ ಕೈಗೆ ಹೋಯಿತು. ಒಂದು ಚೂರೂ ಚೆಲ್ಲಲಿಲ್ಲ.

ಅವಳ ಕೈಯ ಹೊಲಿಗೆ ಬಿಚ್ಚಿ, ಗಾಯ ಮಾಗಿ, ಆ ಮನೆಯಲ್ಲಿ ರೊಟ್ಟಿಯ ಸದ್ದು ಮತ್ತೆ ಕೇಳತೊಡಗಿತು. ಮೊದಮೊದಲು ಸ್ವಲ್ಪ ನಿಧಾನವಾಗಿ, ಆಮೇಲೆ ಎಂದಿನಂತೆ. ಒರೆಯನ್ನು ನೋಡಿ ನೆರೆಹೊರೆಯ ಇಬ್ಬರು ತಮಗೂ ಬೇಕೆಂದು ಮುದುಕನ ಬಳಿ ಹೋದರು. ಹಳೆಯ ತೊಗಲು ಗೇಣುದ್ದವಷ್ಟೇ ಉಳಿದಿದೆ, ಅದನ್ನು ಮೊಮ್ಮಗ ಕೊಡಲೊಲ್ಲ ಎಂದು ಮುದುಕ ಹೇಳಿ ಕಳಿಸಿದನಂತೆ.

ಚೂರಿ ಬಾಗಿಲ ಬಳಿಯ ಗೂಟಕ್ಕೆ ಒರೆಯೊಡನೆ ತೂಗುತ್ತದೆ. ರೈತ ಒಂದೆರಡು ಸಲ ಅದನ್ನು ಒರಸದೆ ಇಟ್ಟದ್ದುಂಟು. ಒರೆಯ ಬಾಯಿಯಲ್ಲಿ ಕಪ್ಪು ಗೆರೆಯೊಂದು ಮೂಡಿದೆ. ಅಣಲೆಯ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಹಿಂದಿನವರು ಅಣಲೆಕಾಯಿಗೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದುದು ಹೀಗೆಯೇ. ಮೊನ್ನೆ ಮಗಳು ಸ್ಟೂಲು ಹತ್ತಿ ಒರೆಯನ್ನು ಗೂಟದಿಂದ ಇಳಿಸಿಕೊಂಡಳು. ಅಜ್ಜಿ ಕೂಗುವಷ್ಟರಲ್ಲಿ, ಮುದುಕ ಮಾಡಿದ್ದುದನ್ನು ನೋಡಿದ್ದ ನೆನಪಿಗೆ, ಅದನ್ನು ತಲೆಕೆಳಗು ಮಾಡಿ ಎರಡು ಕೈಯಿಂದ ಕೊಡವಿದಳು. ಪಟ್ಟಿ ಬಿಗಿದಿತ್ತು, ಚೂರಿ ಕದಲಲಿಲ್ಲ.